ಹಳೇ ಸ್ಪೀಕರ್ ಕೊಳ್ಳುವ ಮುಂಚೆ ಕೋನ್ ನೋಡಿ, ಕ್ರಾಸ್‌ಓವರ್ ಓದಿ

ದಾವಣಗೆರೆಯ ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆ ಹಳೇ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆ ಖಾಲಿ ಮಾಡುವ ದಿನ, ಶೋಕೇಸ್ ಪಕ್ಕದಲ್ಲಿ ವರ್ಷಗಟ್ಟಲೆ ಕೂತಿದ್ದ ಮರದ ಸ್ಪೀಕರ್ ಬಾಕ್ಸ್‌ಗಳು ಹೊರಗೆ ಬರುತ್ತವೆ. ಏನು ಮಾಡಬೇಕೆಂದು ಮನೆಯವರಿಗೆ ತೋಚುವುದಿಲ್ಲ. ಒಂದಿಷ್ಟು ಗುಜರಿಗೆ ಹೋಗುತ್ತವೆ, ಒಂದಿಷ್ಟು ಓಎಲ್‌ಎಕ್ಸ್‌ಗೆ. ಈಚೆಗೆ ಎರಡನೆಯ ದಾರಿಯೇ ಜಾಸ್ತಿ. 'ವಿಂಟೇಜ್' ಅನ್ನೋ ಮಾತು ಮಾರುವವರ ಕಿವಿಗೂ ಬಿದ್ದಿದೆ, ಅದರ ಜೊತೆ ಬೆಲೆಯೂ ಏರಿದೆ.

ಈ ವ್ಯಾಪಾರದಲ್ಲಿ ನನ್ನ ಲೆಕ್ಕ ಒಂದೇ. ಕ್ರಾಸ್‌ಓವರ್, ಅಂದರೆ ಬಾಕ್ಸ್‌ನೊಳಗೆ ಸ್ವರಗಳನ್ನು ಬೇರ್ಪಡಿಸುವ ಪುಟ್ಟ ಬೋರ್ಡ್, ಕೆಟ್ಟಿದ್ದರೆ ಖುಷಿಯಿಂದ ಕೊಳ್ಳಿ. ಡ್ರೈವರ್, ಅಂದರೆ ಸದ್ದು ಹೊರಡಿಸುವ ವೂಫರ್ (ದಪ್ಪ ಸ್ವರದ್ದು) ಅಥವಾ ಟ್ವೀಟರ್ (ಸಣ್ಣ ಸ್ವರದ್ದು), ಕೆಟ್ಟಿದ್ದರೆ ಕೈ ಮುಗಿದು ಎದ್ದು ಬನ್ನಿ. ಕ್ರಾಸ್‌ಓವರ್ ಅಂದರೆ ನಾಲ್ಕಾರು ಬಿಡಿಭಾಗ. ಎಲ್ಲವೂ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ. ನಲವತ್ತು ವರ್ಷದ ಹಿಂದಿನ ಟ್ವೀಟರ್ ಹಾಗಲ್ಲ, ಸತ್ತರೆ ಅದೇ ಟ್ವೀಟರ್ ಮತ್ತೆ ಸಿಗುವುದು ಕಷ್ಟ. ಸಿಕ್ಕರೂ ಪೂರ್ತಿ ಜೋಡಿಯ ಬೆಲೆ ಅದೊಂದಕ್ಕೇ ಕೊಡಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ನೋಡುತ್ತಾರೆ. ಟ್ವೀಟರ್ ಹಾಡುತ್ತಿಲ್ಲ ಎಂದ ಕೂಡಲೇ ಬಿಟ್ಟು ಬರುತ್ತಾರೆ. ತಪ್ಪು ಟ್ವೀಟರಿನದೋ ಅದರ ಹಿಂದೆ ಕ್ರಾಸ್‌ಓವರಿನಲ್ಲಿ ಕೂತಿರುವ ಕಂಡೆನ್ಸರ್ (ಕೆಪಾಸಿಟರ್) ಎಂಬ ಬಿಡಿಭಾಗದ್ದೋ ಎಂದು ಕೇಳುವುದೇ ಇಲ್ಲ.

ಯಾವುದನ್ನು ಹುಡುಕಬೇಕು, ಯಾವುದನ್ನು ಬಿಡಬೇಕು

ನಮ್ಮ ಕಡೆ ಸಿಗುವ ಹಳೇ ಬಾಕ್ಸ್‌ಗಳಲ್ಲಿ ಒಂದು ಗುಂಪು ಇಲ್ಲೇ ತಯಾರಾದದ್ದು. ಕೋಲ್ಕತ್ತದ ಸೋನೋಡೈನ್, ಕಾಸ್ಮಿಕ್, ಫಿಲಿಪ್ಸ್, ಬಿಪಿಎಲ್ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಇನ್ನೊಂದು ಗುಂಪು ಗಲ್ಫ್‌ನಲ್ಲಿದ್ದ ನೆಂಟರು ಹೊತ್ತು ತಂದದ್ದು. 1991ಕ್ಕೆ ಮುಂಚೆ ವಿದೇಶಿ ಸಾಮಾನಿನ ಮೇಲೆ ಸುಂಕ ವಿಪರೀತ ಇತ್ತು. ಹಾಗಾಗಿ ಸ್ಯಾನ್ಸುಯಿ, ಪಯೋನಿಯರ್, ಟೆಕ್ನಿಕ್ಸ್ ಮನೆಯಲ್ಲಿದ್ದರೆ ಅದೊಂದು ಮರ್ಯಾದೆಯ ವಿಷಯ. ಎರಡೂ ಗುಂಪಿನಲ್ಲಿ ಒಳ್ಳೆಯದೂ ಇವೆ, ಸುಮಾರಾದದ್ದೂ ಇವೆ.

ಮೂರನೆಯ ಗುಂಪನ್ನು ಮುಟ್ಟಬೇಡಿ. 1990ರ ದಶಕದ ಮ್ಯೂಸಿಕ್ ಸಿಸ್ಟಂ ಜೊತೆ ಬಂದ ಕಪ್ಪು ಪ್ಲಾಸ್ಟಿಕ್ ಮುಖದ ಬಾಕ್ಸ್‌ಗಳು. ಸಾವಿರಗಟ್ಟಲೆ ವ್ಯಾಟ್ 'ಪಿಎಂಪಿಒ' (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸ್ಟಿಕ್ಕರ್ ಇರುತ್ತದಲ್ಲ, ಅವೇ. ಆ ಲೆಕ್ಕಕ್ಕೆ ತಲೆಬುಡ ಇಲ್ಲ. ತೂಕ ಎತ್ತಿ ನೋಡಿ, ಗೊತ್ತಾಗುತ್ತದೆ.

ಶಾಮಿಯಾನ, ಮೈಕ್ ಸೆಟ್ ಬಾಡಿಗೆಯವರ ಬಾಕ್ಸ್‌ಗಳೂ ಕಮ್ಮಿ ಬೆಲೆಗೆ ಬರುತ್ತವೆ. ಗಣಪತಿ ಮೆರವಣಿಗೆಗೆ ಅವು ಸರಿ. ಬೀದಿಗೆಲ್ಲ ಕೇಳಿಸಲು ಮಾಡಿದ ಸ್ಪೀಕರನ್ನು ಹತ್ತಡಿ ದೂರದಲ್ಲಿ ಕೂತು ಕೇಳಿದರೆ ಕಿವಿ ದಣಿಯುತ್ತದೆ.

ಜಪಾನಿನ ಎಪ್ಪತ್ತರ ದಶಕದ ಕೆಲವು ಬಾಕ್ಸ್‌ಗಳಿಗೆ ಮರದ ಕೆತ್ತನೆಯ ಜಾಲರಿ ಇರುತ್ತದೆ. ನೋಡಲು ಬಲು ಚೆಂದ. ತೆಗೆದರೆ ಒಳಗೆ ಐದಾರು ಡ್ರೈವರ್. ಎಣಿಕೆ ನೋಡಿ ಮರುಳಾಗಬೇಡಿ. ಒಂದು ವೂಫರ್, ಒಂದು ಟ್ವೀಟರ್ ಮಾತ್ರ ಇರುವ ಬಾಕ್ಸ್ ಎಷ್ಟೋ ಸಲ ಇವನ್ನು ಸೋಲಿಸುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಪುಟ್ಟ ಬಾಕ್ಸ್. ಅದರಲ್ಲಿದ್ದದ್ದು ಕೆಇಎಫ್ ಕಂಪನಿಯ ಎರಡೇ ಡ್ರೈವರ್. ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಬೋಸ್ 901 ಎಂಬ ಹೆಸರು ಕಂಡರೆ ಒಂದು ಪ್ರಶ್ನೆ ಮರೆಯಬೇಡಿ: 'ಇದರ ಈಕ್ವಲೈಸರ್ ಡಬ್ಬಿ ಎಲ್ಲಿ?' 1968ರಲ್ಲಿ ಬಂದ ಈ ಸ್ಪೀಕರಿನಲ್ಲಿ ಒಂದೇ ಬಗೆಯ ಒಂಬತ್ತು ಡ್ರೈವರ್ ಇವೆ, ಕ್ರಾಸ್‌ಓವರೇ ಇಲ್ಲ. ಬೇರೆ ಡಬ್ಬಿಯಲ್ಲಿರುವ ಈಕ್ವಲೈಸರ್ ಸ್ವರವನ್ನು ತಿದ್ದಿ ಕೊಡುತ್ತದೆ. ಅದು ಕಳೆದಿದ್ದರೆ ಆ ಬಾಕ್ಸ್‌ಗಳನ್ನು ಹಾಗೇ ಹಾಡಿಸಿ ಪ್ರಯೋಜನವಿಲ್ಲ.

ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್ ಇದ್ದೇ ಇದೆ. ಆದರೆ ಅಲ್ಲಿ ಹಾಡಿಸಿ ನೋಡುವ ಅವಕಾಶ ಸಿಗುವುದು ಅಪರೂಪ. ಮನೆಯಿಂದ ಮಾರುವವರ ಹತ್ತಿರ ಕೊಳ್ಳುವುದೇ ವಾಸಿ.

ಚೀಲದಲ್ಲಿ ಏನೇನಿರಬೇಕು

ಒಂದು ಮಲ್ಟಿಮೀಟರ್, ಹೊಸ ಪೆನ್ಸಿಲ್ ಸೆಲ್ ಒಂದು, ಟಾರ್ಚ್, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಎರಡು ಮೀಟರ್ ಸ್ಪೀಕರ್ ವೈರ್, ಅಂಗೈ ಅಗಲದ ಒಂದು ಸಣ್ಣ ಆಂಪ್ಲಿಫೈಯರ್. ಜೊತೆಗೆ ಫೋನ್, ಅದಕ್ಕೆ ಹೊಂದುವ ಪಿನ್. ಮಾರುವವರ ಆಂಪ್ಲಿಫೈಯರನ್ನು ನಂಬಿಕೊಂಡು ಹೋಗಬೇಡಿ. ಅದೇ ಕೆಟ್ಟಿದ್ದರೆ ಸ್ಪೀಕರಿನ ಸ್ಥಿತಿ ಗೊತ್ತಾಗುವುದಿಲ್ಲ.

ಒಂದು ಹಾಳೆಯನ್ನೂ ಇಟ್ಟುಕೊಳ್ಳಿ. ಪೇಪರ್ ಸಾಕು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಕಣ್ಣು, ಆಮೇಲೆ ಬೆರಳು

'ಮೊನ್ನೆ ತನಕ ಚೆನ್ನಾಗೇ ಹಾಡ್ತಿತ್ತು ಸಾರ್' ಎನ್ನುವುದು ಮಾರುವವರೆಲ್ಲರ ಮೊದಲ ಮಾತು. ಸುಳ್ಳೇ ಇರಬೇಕೆಂದಿಲ್ಲ. ಅವರ ಮೊನ್ನೆ ಹತ್ತು ವರ್ಷದ ಹಿಂದಿನದು, ಅಷ್ಟೇ. 'ಜಾಲರಿ ತೆಗೀಬಹುದಾ ಅಣ್ಣ?' ಎಂದು ಕೇಳಿ. ಬೇಡ ಎಂದರೆ ವ್ಯಾಪಾರ ಅಲ್ಲಿಗೇ ಬಿಡಿ.

ಜಾಲರಿ ತೆಗೆದ ಮೇಲೆ ಕೋನಿನ, ಅಂದರೆ ಡ್ರೈವರಿನಲ್ಲಿ ಅಲುಗುವ ಬಟ್ಟಲಿನಂಥ ಭಾಗದ, ಸುತ್ತ ಇರುವ ಅಂಚನ್ನು ನೋಡಿ. ಇದು ಮೂರು ಬಗೆ. ಮೇಣದಂಥದ್ದು ಬಳಿದ ಬಟ್ಟೆಯ ಅಂಚಾದರೆ ನಿಶ್ಚಿಂತೆ, ಅದು ತಲೆಮಾರುಗಟ್ಟಲೆ ಬಾಳುತ್ತದೆ. ರಬ್ಬರ್ ಕೂಡ ಗಟ್ಟಿ, ಕೆಲವು ಮಾತ್ರ ಬಿರುಸಾಗಿರುತ್ತವೆ. ತೊಂದರೆ ಇರುವುದು ಫೋಮ್ ಅಂಚಿನದು. ಹದಿನೈದಿಪ್ಪತ್ತು ವರ್ಷಕ್ಕೆ ಅದು ತಾನಾಗೇ ಕೊಳೆಯುತ್ತದೆ. ಹಾಡಿಸಿದರೂ ಅಷ್ಟೇ, ಬಟ್ಟೆ ಸುತ್ತಿ ಇಟ್ಟರೂ ಅಷ್ಟೇ. ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ. ಬೆರಳಿಗೆ ಅಂಟಂಟು ಕಪ್ಪು ಪುಡಿ ಹತ್ತಿದರೆ ಅದರ ಕಾಲ ಮುಗಿದಿದೆ.

ಫೋಮ್ ಹೋಗಿದ್ದರೆ ಕೊಳ್ಳಬಾರದು ಎಂದಲ್ಲ. ಹೊಸ ಅಂಚನ್ನು ಅಂಟಿಸಬಹುದು, ಅಳತೆಗೆ ತಕ್ಕ ಅಂಚು ಬಿಡಿಯಾಗಿ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ. ನಮ್ಮೂರಲ್ಲಿ ಮೈಕ್ ಸೆಟ್ ರಿಪೇರಿಯವರು ಕೈಯಲ್ಲಿ ಹುಷಾರಿದ್ದಾರೆ. ಅವರಿಗೆ ಅಭ್ಯಾಸ ಇರುವುದು ಕೋನನ್ನೇ ಕಿತ್ತು ಹೊಸ ಕೋನ್, ಹೊಸ ಕಾಯಿಲ್ ಹಾಕುವುದು. ಹಾಡಿಗೆಂದು ಮಾಡಿದ ವೂಫರಿಗೆ ಬೇರೆ ತೂಕದ ಕೋನ್ ಕೂತರೆ ಅದು ಆ ವೂಫರೇ ಅಲ್ಲ. ಬಾಕ್ಸ್‌ನ ಅಳತೆ, ಕ್ರಾಸ್‌ಓವರಿನ ಲೆಕ್ಕ ಎಲ್ಲ ತಪ್ಪುತ್ತದೆ. 'ಅಂಚು ಮಾತ್ರ ಹಾಕಿ, ಕೋನ್ ಮುಟ್ಟಬೇಡಿ' ಎಂದು ಬಾಯಿಬಿಟ್ಟು ಹೇಳಿ. ಎರಡು ಸಲ ಹೇಳಿ.

ಈಗ ಬೆರಳಿನ ಕೆಲಸ. ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಎದುರುಬದುರಾಗಿ ಇಟ್ಟು, ಸಮನಾಗಿ, ನಿಧಾನಕ್ಕೆ ಒಳಗೆ ಒತ್ತಿ. ಕಿವಿ ಹತ್ತಿರ ತನ್ನಿ. ಕರಕರ ಎಂದು ತೀಡಿದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನಿನ ಬೆನ್ನಿಗಿರುವ ತಂತಿ ಸುರುಳಿ) ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಒಂದೋ ಕಾಯಿಲ್ ಸುಟ್ಟು ಉಬ್ಬಿದೆ, ಇಲ್ಲವೇ ಬಾಕ್ಸ್ ಬಿದ್ದು ಅಯಸ್ಕಾಂತ ಜರುಗಿದೆ. ಕೋನ್ ಅಲುಗುವುದೇ ಇಲ್ಲ ಎಂದರೂ ಇದೇ ಕಾರಣ ಇರಬಹುದು. ಅದು ಬೇಡ.

ಪೂರ್ತಿ ಮುಚ್ಚಿದ ಬಾಕ್ಸ್ ಆದರೆ, ಅಂದರೆ ಗಾಳಿಗೆ ತೂತೇ ಇಲ್ಲದಿದ್ದರೆ, ಒತ್ತಿ ಬಿಟ್ಟ ಕೋನ್ ನಿಧಾನಕ್ಕೆ ಹಿಂದೆ ಬರಬೇಕು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರಿನಲ್ಲಿ ತಂದ ಉಪಾಯ ಇದು: ಒಳಗಿನ ಗಾಳಿಯೇ ಸ್ಪ್ರಿಂಗ್. ಗಾಳಿ ಸೋರಿದರೆ ಸ್ಪ್ರಿಂಗ್ ಸಡಿಲ, ಬೇಸ್ ಹೋಗುತ್ತದೆ. ವೂಫರಿನ ಸುತ್ತಲಿನ ಗ್ಯಾಸ್ಕೆಟ್ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಗಾಳಿ ತೂತು ಇರುವ ಬಾಕ್ಸ್ ಆದರೆ ಟಾರ್ಚ್ ಬಿಟ್ಟು ಒಳಗೆ ಇಣುಕಿ. ಮಂಡಿಪೇಟೆ ಕಡೆಯ ಗೋಡೌನಿನಲ್ಲಿ ನಾಲ್ಕು ವರ್ಷ ಬಿದ್ದಿದ್ದ ಬಾಕ್ಸ್ ಅಂದರೆ ಇಲಿ ಸಂಸಾರ ಮಾಡಿರದೆ ಇರುತ್ತದೆಯೇ? ಅವು ವೈರ್ ಕಡಿಯುತ್ತವೆ, ಒಳಗಿನ ಹತ್ತಿ ಎಳೆಯುತ್ತವೆ, ಕೋನಿನ ಕಾಗದವನ್ನೂ ಬಿಡುವುದಿಲ್ಲ. ತಳಭಾಗದಲ್ಲಿ ಗೆದ್ದಲು, ತೇವಕ್ಕೆ ಉಬ್ಬಿದ ಪಾರ್ಟಿಕಲ್ ಬೋರ್ಡ್ ಇದೆಯೋ ನೋಡಿ. ಉಬ್ಬಿದ ಬೋರ್ಡನ್ನು ಮತ್ತೆ ಗಟ್ಟಿ ಮಾಡಲು ಆಗುವುದಿಲ್ಲ.

ಕೊನೆಗೆ ಸ್ಕ್ರೂ ತಲೆ. ಉಜ್ಜಿ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಎಡಬಲ ಎರಡರಲ್ಲೂ ಡ್ರೈವರ್ ಒಂದೇ ಆಗಿವೆಯೇ ನೋಡಿ. ಹಳೇ ಫಿಲಿಪ್ಸ್ ಡ್ರೈವರಾದರೆ ಬೆನ್ನ ಮೇಲೆ ಎಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಕೊನೆಯಲ್ಲಿ ಟಿ8 ಎಂದಿದ್ದರೆ 8 ಓಮ್‌ನ ಟ್ವೀಟರ್, ಡಬ್ಲ್ಯೂ8 ಎಂದಿದ್ದರೆ 8 ಓಮ್‌ನ ವೂಫರ್. ಎರಡು ಬಾಕ್ಸ್‌ನ ನಂಬರ್ ತಾಳೆಯಾಗಬೇಕು.

ಮೀಟರ್ ಹಚ್ಚಿ

ಮೀಟರನ್ನು 200 ಓಮ್‌ಗೆ ಇಡಿ. ಮೊದಲು ಎರಡು ಕಡ್ಡಿಗಳನ್ನೂ ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ನೆನಪಿಟ್ಟುಕೊಂಡು ಕಳೆಯಿರಿ. ಆಮೇಲೆ ಬಾಕ್ಸ್‌ನ ಹಿಂದಿನ ಕೆಂಪು, ಕಪ್ಪು ಟರ್ಮಿನಲ್‌ಗೆ ಹಚ್ಚಿ.

8 ಓಮ್ ಎಂದು ಬರೆದ ಸ್ಪೀಕರ್ 8 ತೋರಿಸುವುದಿಲ್ಲ, ಸುಮಾರು 5.5ರಿಂದ 7ರ ಒಳಗೆ ತೋರಿಸುತ್ತದೆ. 4 ಓಮ್‌ನದು 3ರಿಂದ 3.5ರ ಹತ್ತಿರ. ಇದು ಸರಿಯೇ. ಬಾಕ್ಸ್ ಮೇಲೆ ಬರೆದಿರುವುದು ಹಾಡು ಹರಿಯುವಾಗಿನ ಇಂಪೀಡೆನ್ಸ್, ಮೀಟರ್ ಅಳೆಯುವುದು ಬರೀ ತಂತಿಯ ರೆಸಿಸ್ಟೆನ್ಸ್. ಎಡಬಲದ ಅಂಕಿ ಹತ್ತಿರಹತ್ತಿರ ಇದ್ದರೆ ಸಾಕು. ಏನೂ ತೋರಿಸದಿದ್ದರೆ ಗಾಬರಿಯಾಗಬೇಡಿ. ಕೆಲವು ಬಾಕ್ಸ್‌ಗಳ ಹಿಂದೆ ಫ್ಯೂಸ್ ಇರುತ್ತದೆ, ಮೊದಲು ಅದನ್ನು ನೋಡಿ.

ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಹಿಂದಿನ ಟರ್ಮಿನಲ್‌ನಲ್ಲಿ ಮೀಟರ್ 6 ತೋರಿಸಿತು, ಹಾಗಾಗಿ ಎಲ್ಲ ಸರಿ ಇದೆ ಎಂದುಕೊಳ್ಳುತ್ತಾರೆ. ಆ 6 ವೂಫರಿನದು ಮಾತ್ರ! ಟ್ವೀಟರಿನ ದಾರಿಯಲ್ಲಿ ಕಂಡೆನ್ಸರ್ ಅಡ್ಡ ಕೂತಿದೆ. ಮೀಟರ್ ಬಿಡುವ ಕರೆಂಟ್ ಅದನ್ನು ದಾಟುವುದಿಲ್ಲ. ಟ್ವೀಟರ್ ಸುಟ್ಟು ಬೂದಿಯಾಗಿದ್ದರೂ ಮೀಟರ್ ಇದೇ 6 ತೋರಿಸುತ್ತದೆ. ಟ್ವೀಟರನ್ನು ಅಳೆಯಬೇಕಾದರೆ ನಾಲ್ಕು ಸ್ಕ್ರೂ ಬಿಚ್ಚಿ, ಒಂದು ವೈರ್ ಕಳಚಿ, ಅದರ ಕಡ್ಡಿಗಳಿಗೇ ಮೀಟರ್ ಹಚ್ಚಬೇಕು.

ಹಾಗೆ ಅಳೆದಾಗ ಅಂಕಿಯೇ ಬರಲಿಲ್ಲ ಎಂದರೆ ಎರಡು ಸಾಧ್ಯತೆ. ಕಾಯಿಲ್ ಕಡಿದಿದೆ, ಇಲ್ಲವೇ ಅದು ಪೀಜೋ ಟ್ವೀಟರ್. ಪೀಜೋದಲ್ಲಿ ಕಾಯಿಲೇ ಇಲ್ಲ, ಹಾಗಾಗಿ ಮೀಟರಿಗೆ ಅದು ಕಾಣುವುದಿಲ್ಲ. ಹಳೇ ಗುಮ್ಮಟದ ಟ್ವೀಟರ್ ಸತ್ತಾಗ ಅಗ್ಗದ ಪೀಜೋ ಅಂಟಿಸಿ ಕಳಿಸುವುದು ರಿಪೇರಿ ಅಂಗಡಿಗಳಲ್ಲಿ ಮಾಮೂಲು. ಚಿಂವ್ ಚಿಂವ್ ಅನ್ನುತ್ತದೆ, ಗಿರಾಕಿಗೂ ಸಮಾಧಾನ. ಕೊಳ್ಳುವವರು ಸಮಾಧಾನಪಡಬಾರದು.

ಪೆನ್ಸಿಲ್ ಸೆಲ್ ಯಾಕೆಂದರೆ, ಅದರ ಪ್ಲಸ್ಸನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ಸನ್ನು ಕಪ್ಪಿಗೆ ಕ್ಷಣಮಾತ್ರ ತಾಗಿಸಿದರೆ ವೂಫರ್ ಕೋನ್ ಟಪ್ ಎಂದು ಮುಂದೆ ಬರಬೇಕು. ಎಡದ್ದು ಮುಂದೆ ಬಂದು ಬಲದ್ದು ಹಿಂದೆ ಹೋದರೆ ಒಂದರ ವೈರ್ ಅದಲುಬದಲಾಗಿದೆ. ಎರಡೂ ಹಿಂದೆ ಹೋದರೆ ಚಿಂತೆಯಿಲ್ಲ, ಅಮೆರಿಕದ ಜೆಬಿಎಲ್ ಕಂಪನಿಯ ಹಳೇ ಸ್ಪೀಕರ್‌ಗಳು ಹಾಗೇ ಇರುತ್ತಿದ್ದವು. ಬಿಚ್ಚಿದ ಟ್ವೀಟರಿಗೆ ನೇರವಾಗಿ ಸೆಲ್ ಹಚ್ಚಬೇಡಿ.

ಕಿವಿಗೆ ಬಿಡಿ

ಒಂದೊಂದೇ ಬಾಕ್ಸ್ ಹಾಡಿಸಿ. ಎರಡನ್ನೂ ಒಟ್ಟಿಗೆ ಹಾಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಸಣ್ಣ ದನಿಯಲ್ಲೇ ಶುರು ಮಾಡಿ. ತಂಬೂರಿ ಶ್ರುತಿಯ ಜೊತೆ ಒಂದು ಹೆಣ್ಣುದನಿ, ಆಮೇಲೆ ತಬಲಾ, ಕೊನೆಗೆ ಡೊಳ್ಳು. ಇಷ್ಟು ಸಾಕು. ಭಾರೀ ಬೇಸ್ ಇರುವ ಸಿನಿಮಾ ಹಾಡು ಹಾಕಿದರೆ ಎಲ್ಲ ಬಾಕ್ಸೂ ಚೆನ್ನಾಗೇ ಕೇಳಿಸುತ್ತದೆ.

ಆ ಪೇಪರನ್ನು ಈಗ ಕೊಳವೆ ಸುತ್ತಿ ಒಂದು ತುದಿ ಟ್ವೀಟರ್ ಎದುರು, ಇನ್ನೊಂದು ಕಿವಿಗೆ ಹಿಡಿಯಿರಿ. ಸ, ಶ ಅಕ್ಷರಗಳ ಸೀಳು, ತಬಲಾದ ಕಿನಾರಿನ ಚಟ್ ಎನ್ನುವ ಸದ್ದು ಅಲ್ಲಿಂದ ಸ್ಪಷ್ಟ ಬರಬೇಕು. ಎರಡು ಬಾಕ್ಸ್‌ನ ಟ್ವೀಟರ್‌ಗಳನ್ನು ಹೀಗೆ ಹೋಲಿಸಿ. ಐವತ್ತು ದಾಟಿದವರು ಜೊತೆಗೆ ಹೈಸ್ಕೂಲಿನ ಹುಡುಗನನ್ನೋ ಹುಡುಗಿಯನ್ನೋ ಕರೆದೊಯ್ಯಿರಿ. ನಮಗೆ ಕೇಳದ ತುದಿಸ್ವರ ಅವರಿಗೆ ಕೇಳುತ್ತದೆ.

ಬಾಕ್ಸ್‌ನ ಮೇಲೆ ಟ್ವೀಟರಿಗೆ, ಮಿಡ್‌ಗೆ (ನಡುವಿನ ಸ್ವರದ ಡ್ರೈವರಿಗೆ) ಪ್ರತ್ಯೇಕ ಗುಂಡಿ ಇದ್ದರೆ ಅದನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಪರಪರ ಎನ್ನುತ್ತದೆ, ನಡುವೆ ಒಮ್ಮೆ ಟ್ವೀಟರ್ ಬಂದು ಮತ್ತೆ ಹೋಗುತ್ತದೆ. ಹಾಗಾದರೆ ಒಳಗೊಳಗೇ ನಕ್ಕು ಮುಖ ಗಂಭೀರ ಮಾಡಿಕೊಳ್ಳಿ. ಟ್ವೀಟರ್ ಬದುಕಿದೆ, ಗುಂಡಿಯ ಒಳಗಿನ ತಂತಿಗೆ ಕಿಲುಬು ಹಿಡಿದಿದೆ ಅಷ್ಟೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಕ್ರಾಸ್‌ಓವರ್ ಏನು ಮಾಡುತ್ತದೆ

ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಹುರಿದದ್ದನ್ನು ಜರಡಿಗೆ ಸುರಿದಾಗ ಮರಳು ಕೆಳಗೆ ಇಳಿಯುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಕ್ರಾಸ್‌ಓವರ್ ಮಾಡುವುದೂ ಆ ಕೆಲಸವನ್ನೇ. ಆಂಪ್ಲಿಫೈಯರಿನಿಂದ ಬರುವುದು ಎಲ್ಲ ಸ್ವರ ಬೆರೆತ ಒಂದೇ ರಾಶಿ. ವೂಫರಿಗೆ ದಪ್ಪ ಸ್ವರ ಬೇಕು, ಟ್ವೀಟರಿಗೆ ಸಣ್ಣದು. ದಪ್ಪ ಸ್ವರ ಟ್ವೀಟರಿಗೆ ಹೋದರೆ ಅದರ ಕೂದಲೆಳೆ ಕಾಯಿಲ್ ಸುಟ್ಟೇ ಹೋಗುತ್ತದೆ.

ಕಂಡೆನ್ಸರ್ ಸಣ್ಣ ಸ್ವರವನ್ನು ಬಿಟ್ಟು ದಪ್ಪದ್ದನ್ನು ತಡೆಯುತ್ತದೆ. ಅದು ಟ್ವೀಟರಿನ ದಾರಿಯಲ್ಲಿ. ತಂತಿ ಸುತ್ತಿದ ಕಾಯಿಲ್ ಇದಕ್ಕೆ ತದ್ವಿರುದ್ಧ, ದಪ್ಪ ಸ್ವರವನ್ನು ಬಿಟ್ಟು ಸಣ್ಣದ್ದನ್ನು ತಡೆಯುತ್ತದೆ. ಅದು ವೂಫರಿನ ದಾರಿಯಲ್ಲಿ. ಇವೆರಡರ ಜೊತೆ ಬಿಳಿ ಸಿಮೆಂಟ್ ರೆಸಿಸ್ಟರ್ ಇದ್ದರೆ ಅದು ಟ್ವೀಟರಿನ ಅಬ್ಬರ ತಗ್ಗಿಸಲು. ಟ್ವೀಟರ್‌ಗಳು ಸಾಮಾನ್ಯವಾಗಿ ವೂಫರಿಗಿಂತ ಗಟ್ಟಿ ಕೂಗುತ್ತವೆ.

ಎಲ್ಲಿ ಬೇರೆಯಾಗಬೇಕು? ಎರಡು ಡ್ರೈವರಿನ ಬಾಕ್ಸ್‌ಗಳಲ್ಲಿ ಹೆಚ್ಚಾಗಿ 2000ದಿಂದ 3500 ಹರ್ಟ್ಜ್ ನಡುವೆ. ಒಂದೇ ಕಂಡೆನ್ಸರ್ ಇರುವ ಸರಳ ಕ್ರಾಸ್‌ಓವರಾದರೆ ನೀವೇ ಲೆಕ್ಕ ಹಾಕಬಹುದು. 1,59,155 ಅಂಕಿಯನ್ನು ಕಂಡೆನ್ಸರಿನ ಅಳತೆಯಾದ ಮೈಕ್ರೋಫ್ಯಾರಡ್‌ನಿಂದ ಭಾಗಿಸಿ, ಬಂದದ್ದನ್ನು ಟ್ವೀಟರಿನ ಓಮ್‌ನಿಂದ ಭಾಗಿಸಿ. 8 ಓಮ್ ಟ್ವೀಟರಿಗೆ 6.6 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 3000 ಹರ್ಟ್ಜ್. 4.7 ಇದ್ದರೆ ಸುಮಾರು 4200. ಬರೀ 2.2 ಇದ್ದರೆ 9000ದ ಮೇಲೆ! ಅಂಥ ಬಾಕ್ಸ್‌ನಲ್ಲಿ ಟ್ವೀಟರ್ ಒಗ್ಗರಣೆಗೆ ಮಾತ್ರ, ಅಡುಗೆಯೆಲ್ಲ ವೂಫರಿನದೇ. ಡ್ರೈವರಿನ ಓಮ್ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ಇದು ಅಂದಾಜಿನ ಲೆಕ್ಕ. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಇಷ್ಟು ಸಾಕು.

ಒಂದೇ ಬಿಡಿಭಾಗದ ಜರಡಿ ತೆಳು. ಒಂದು ಆಕ್ಟೇವ್ (ಹರ್ಟ್ಜ್ ಎರಡರಷ್ಟು ಅಥವಾ ಅರ್ಧ ಆಗುವಷ್ಟು ದೂರ) ದಾಟಿದರೆ ಬರೀ 6 ಡೆಸಿಬೆಲ್ ಇಳಿಸುತ್ತದೆ. ಕಂಡೆನ್ಸರಿನ ಜೊತೆ ಒಂದು ಕಾಯಿಲನ್ನೂ ಸೇರಿಸಿದರೆ 12 ಡೆಸಿಬೆಲ್, ಮೂರನೆಯದು ಸೇರಿದರೆ 18. ಎರಡು ಭಾಗದ ಕ್ರಾಸ್‌ಓವರಿಗೆ ಮೇಲಿನ ಲೆಕ್ಕ ನಡೆಯುವುದಿಲ್ಲ. 8 ಓಮ್‌ಗೆ 3000 ಹರ್ಟ್ಜ್‌ನಲ್ಲಿ ಬೇರೆ ಮಾಡಲು ಅಲ್ಲಿ 4.7 ಮೈಕ್ರೋಫ್ಯಾರಡ್ ಕಂಡೆನ್ಸರ್, 0.6 ಮಿಲಿಹೆನ್ರಿ ಕಾಯಿಲಿನ ಜೋಡಿ ಬರುತ್ತದೆ. ಹಳೇ ಬಾಕ್ಸ್‌ಗಳಲ್ಲಿ 4.7 ಎಂಬ ಅಂಕಿ ಪದೇ ಪದೇ ಕಾಣುವುದು ಇದಕ್ಕೇ.

ಭಾಗ ಜಾಸ್ತಿ ಇದ್ದರೆ ಒಳ್ಳೆಯದು, ಕಮ್ಮಿ ಇದ್ದರೆ ಕಳಪೆ ಎಂದು ತೀರ್ಮಾನಿಸಬೇಡಿ. 1970ರ ಜೆಬಿಎಲ್ ಎಲ್100ರಲ್ಲಿ ವೂಫರಿಗೆ ಕ್ರಾಸ್‌ಓವರೇ ಇಲ್ಲ, ನೇರ ಸಂಪರ್ಕ. ಮಿಡ್‌ಗೊಂದು ಕಂಡೆನ್ಸರ್, ಟ್ವೀಟರಿಗೊಂದು, ಎರಡು ಗುಂಡಿ, ಮುಗಿಯಿತು. ಲಕ್ಷಗಟ್ಟಲೆ ಜನ ಮೆಚ್ಚಿ ಕೇಳಿದರು. ಪುಟ್ಟ ಎಲ್‌ಎಸ್3/5ಎಯಲ್ಲಿ ನೋಡಿದರೆ ಬೋರ್ಡ್ ತುಂಬ ಭಾಗಗಳು. ಡ್ರೈವರ್ ತಾನಾಗೇ ಎಲ್ಲಿ ಇಳಿಯುತ್ತದೆ, ಎಲ್ಲಿ ಕಿರುಚುತ್ತದೆ ಎಂಬುದನ್ನು ನೋಡಿ ತಯಾರಕರು ಕ್ರಾಸ್‌ಓವರ್ ಬರೆದಿರುತ್ತಾರೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡನ್ನು ತಂದು ಹಾಕಬೇಡಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ನಿಮ್ಮ ಬಾಕ್ಸ್‌ನಲ್ಲಿರುವ ಡ್ರೈವರಿಗೂ ಆ ಬೋರ್ಡಿಗೂ ಸಂಬಂಧವೇ ಇಲ್ಲ.

ಬಾಕ್ಸ್ ಬಿಚ್ಚಿದಾಗ

ವೂಫರ್ ಬಿಚ್ಚಿ ಮೆಲ್ಲಗೆ ಎತ್ತಿ. ಒಳಗಿನ ಹಳದಿ ಗ್ಲಾಸ್‌ವೂಲ್ ಕೈಗೆ ಹತ್ತಿದರೆ ದಿನವಿಡೀ ತುರಿಕೆ, ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಅದರ ಹಿಂದೆ ಗೋಡೆಗೆ ಒತ್ತಿ ಒಂದು ಮರದ ತುಂಡೋ ಕಂದು ಬೋರ್ಡೋ ಇರುತ್ತದೆ. ಮೇಲೆ ಕಂದು ಅಂಟು ಸುರಿದು ಒಣಗಿರುತ್ತದೆ. ಕಂಡೆನ್ಸರಿನ ಮೈಮೇಲೆ 4.7 ಎಂಎಫ್‌ಡಿ (ಮೈಕ್ರೋಫ್ಯಾರಡ್), 50 ವೋಲ್ಟ್, ಎನ್‌ಪಿ ಅಥವಾ ಬಿಪಿ ಎಂದು ಬರೆದಿರುತ್ತದೆ. ಆ ಕೊನೆಯ ಎರಡಕ್ಷರವೇ ಮುಖ್ಯ. ಪ್ಲಸ್ ಮೈನಸ್ ಭೇದ ಇಲ್ಲದ ಕಂಡೆನ್ಸರ್ ಎಂದು ಅರ್ಥ. ಅದರ ಬದಲು ಮೈಮೇಲೆ ಮೈನಸ್ ಪಟ್ಟಿ ಇರುವ ಮಾಮೂಲಿ ಕಂಡೆನ್ಸರ್ ಕೂತಿದ್ದರೆ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಹಾಡು ಎರಡೂ ದಿಕ್ಕಿಗೆ ಹರಿಯುತ್ತದೆ, ಅದಕ್ಕೆ ಈ ಕಂಡೆನ್ಸರ್ ಒಗ್ಗುವುದಿಲ್ಲ. ಅಂಥದ್ದೇ ಎರಡನ್ನು ಮೈನಸ್ಸಿಗೆ ಮೈನಸ್ ಸೇರಿಸಿದರೆ ಭೇದವಿಲ್ಲದ್ದು ಆಗುತ್ತದೆ, ಆದರೆ ಅಳತೆ ಅರ್ಧವಾಗುತ್ತದೆ. ಪರೀಕ್ಷೆಗೆ ನಡೆದೀತು, ಕಾಯಂ ಬೇಡ.

ಯಾವುದನ್ನೂ ಕೀಳುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರ್ ಟ್ವೀಟರಿನ ಯಾವ ಕಡ್ಡಿಗೆ ಹೋಗಿದೆ ಎಂದು ಬರೆದಿಡಿ. 12 ಡೆಸಿಬೆಲ್‌ನ ಎಷ್ಟೋ ಕ್ರಾಸ್‌ಓವರ್‌ಗಳಲ್ಲಿ ಟ್ವೀಟರಿಗೆ ಪ್ಲಸ್ ಮೈನಸ್ಸನ್ನು ಬೇಕೆಂದೇ ತಿರುಗಿಸಿ ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಎರಡೂ ಡ್ರೈವರ್ ಸೇರುವ ಜಾಗದಲ್ಲಿ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. 'ಫ್ಯಾಕ್ಟರಿಯವರು ತಪ್ಪಾಗಿ ಬೆಸೆದಿದ್ದಾರೆ' ಎಂದು ಅದನ್ನು ಸರಿ ಮಾಡಲು ಹೋಗಿ ಹಾಳು ಮಾಡಿದವರು ಕಮ್ಮಿಯಿಲ್ಲ.

ಕಾಯಿಲ್‌ಗಳನ್ನು ಮುಟ್ಟಬೇಡಿ. ಅವು ಕೆಡುವುದು ತೀರಾ ಅಪರೂಪ. ಒಂದು ಮಲಗಿ, ಇನ್ನೊಂದು ನಿಂತು, ದೂರ ದೂರ ಇರುವುದು ಅಂದಕ್ಕಲ್ಲ. ಹತ್ತಿರ ಒಂದೇ ದಿಕ್ಕಿಗೆ ಕೂರಿಸಿದರೆ ಒಂದರ ಅಯಸ್ಕಾಂತೀಯ ಬಲ ಇನ್ನೊಂದಕ್ಕೆ ತಾಗುತ್ತದೆ.

ಕಂಡೆನ್ಸರ್ ಬದಲಾಯಿಸುವುದು

ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಅಳತೆ ಬದಲಾಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ, ಟ್ವೀಟರ್ ಮಂಕಾಗುತ್ತದೆ. ಕಂಡೆನ್ಸರ್ ಅಳೆಯುವ ಮೀಟರಿದ್ದರೆ ಒಂದು ಕಾಲು ಬಿಡಿಸಿ ಅಳೆಯಿರಿ, ಬೋರ್ಡಿನ ಮೇಲೇ ಅಳೆದರೆ ತಪ್ಪು ಅಂಕಿ ಬರುತ್ತದೆ. ಬರೆದಿರುವುದಕ್ಕಿಂತ ನೂರಕ್ಕೆ ಹತ್ತು ಆಚೀಚೆ ಇದ್ದರೆ ಬಿಡಿ. ಇಪ್ಪತ್ತು ದಾಟಿದರೆ ಬದಲಾಯಿಸಿ. ಒಂದರಲ್ಲಿ ಬದಲಾಯಿಸಿದರೆ ಇನ್ನೊಂದರಲ್ಲೂ ಬದಲಾಯಿಸಲೇಬೇಕು. ಪ್ಲಾಸ್ಟಿಕ್ ಫಿಲ್ಮ್ ಕಂಡೆನ್ಸರ್ ಇದ್ದರೆ ಸುಮ್ನೆ ಬಿಟ್ಟುಬಿಡಿ, ಅದು ಹಾಗೆಲ್ಲ ಕೆಡುವುದಿಲ್ಲ.

ಟ್ವೀಟರಿನ ದಾರಿಯಲ್ಲಿರುವ ಸಣ್ಣ ಅಳತೆಯದಕ್ಕೆ ಪಾಲಿಪ್ರೊಪಿಲೀನ್ ಫಿಲ್ಮ್ ಹಾಕಿ, 100 ವೋಲ್ಟ್ ಅಥವಾ ಮೇಲೆ. ವೂಫರಿನ ಕಡೆ 33, 47 ಮೈಕ್ರೋಫ್ಯಾರಡ್‌ನಂಥ ದೊಡ್ಡದಿದ್ದರೆ ಫಿಲ್ಮ್ ಬೇಡ. ಡಬ್ಬಿಯಷ್ಟು ದಪ್ಪ, ದುಡ್ಡೂ ಜಾಸ್ತಿ. ಅಲ್ಲಿ ಹೊಸ ಬೈಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಎಲೆಕ್ಟ್ರೋಲಿಟಿಕ್ ಸಾಕು. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. 'ನಾನ್ ಪೋಲಾರ್ ಕಂಡೆನ್ಸರ್' ಎಂದೇ ಕೇಳಿ. ಚಿನ್ನದ ಅಕ್ಷರದಲ್ಲಿ ಬರೆದ ಸಾವಿರಾರು ರೂಪಾಯಿಯ ಆಡಿಯೋ ಕಂಡೆನ್ಸರ್ ನನ್ನ ಮಟ್ಟಿಗೆ ದಂಡ. ಆ ದುಡ್ಡಿಗೆ ಒಂದು ಜೊತೆ ಗಟ್ಟಿ ಸ್ಟ್ಯಾಂಡ್ ಮಾಡಿಸಿ.

ಹೊಸ ಫಿಲ್ಮ್ ಹಾಕಿದ ಮೇಲೆ ಟ್ವೀಟರ್ ಸ್ವಲ್ಪ ಜೋರಾಗಿ ಕೇಳಬಹುದು. ಹಳೇ ಕಂಡೆನ್ಸರ್ ಹೊಸದಿದ್ದಾಗಲೂ ಅದರೊಳಗೆ ಸ್ವಲ್ಪ ರೆಸಿಸ್ಟೆನ್ಸ್ ಇತ್ತು, ತಯಾರಕರು ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಕಿವಿಗೆ ಚುಚ್ಚಿದರೆ ಕಂಡೆನ್ಸರಿನ ಸಾಲಿನಲ್ಲಿ ಅರ್ಧ ಓಮ್‌ನ 5 ವ್ಯಾಟ್ ರೆಸಿಸ್ಟರ್ ಸೇರಿಸಿ ಕೇಳಿ. ಇಷ್ಟೆಲ್ಲ ಮಾಡಿದರೂ ಟ್ವೀಟರ್ ಮಂಕಾಗೇ ಇದ್ದರೆ, ಎಂಬತ್ತರ ದಶಕದ ಮತ್ತು ಆಮೇಲಿನ ಬಾಕ್ಸ್ ಆದರೆ, ಅದರ ಕಾಯಿಲಿನ ಸುತ್ತ ತುಂಬಿದ ಫೆರೋಫ್ಲೂಯಿಡ್ ಎಂಬ ಅಯಸ್ಕಾಂತೀಯ ದ್ರವ ಗಟ್ಟಿಯಾಗಿರಬಹುದು. ಅದನ್ನು ಒರೆಸಿ ಹೊಸದು ಹಾಕುವುದು ನಾಜೂಕಿನ ಕೆಲಸ, ಮೊದಲ ಸಲಕ್ಕೆ ಬೇಡ.

ಚೌಕಾಸಿ, ಸಾಗಾಟ

'ಆಲ್ನಿಕೊ ಮ್ಯಾಗ್ನೆಟ್ ಸಾರ್, ಈಗೆಲ್ಲ ಸಿಗಲ್ಲ' ಎಂದು ರೇಟು ಏರಿಸುವವರಿದ್ದಾರೆ. ಆಲ್ನಿಕೊ ಅಂದರೆ ಕೋಬಾಲ್ಟ್ ಬೆರೆತ ಲೋಹದ ಅಯಸ್ಕಾಂತ. ಎಪ್ಪತ್ತರ ದಶಕದ ಕೊನೆಗೆ ಕೋಬಾಲ್ಟ್ ಬೆಲೆ ಗಗನಕ್ಕೇರಿದ್ದರಿಂದ ಕಂಪನಿಗಳು ಆಲ್ನಿಕೊ ಬಿಟ್ಟು ಫೆರೈಟ್ ಹಿಡಿದವು. ಫೆರೈಟ್ ಇರುವ ಒಳ್ಳೇ ಸ್ಪೀಕರ್ ಬೇಕಾದಷ್ಟಿವೆ, ಅದಕ್ಕಾಗಿ ಜಾಸ್ತಿ ಕೊಡಬೇಕಿಲ್ಲ. ಕಂಡ ಕುಂದುಗಳನ್ನು ಒಂದೊಂದಾಗಿ ತೋರಿಸಿ ಬೆಲೆ ಇಳಿಸಿ. ಟ್ವೀಟರ್ ಹಾಡುತ್ತಿಲ್ಲ ಎನ್ನುವುದು ಕುಂದೇ ಅಲ್ವಾ? ಮೀಟರಿನಲ್ಲಿ ಅದು ಸರಿ ತೋರಿಸಿದೆ ಎನ್ನುವುದು ನಿಮಗೆ ಗೊತ್ತಿದ್ದರೆ ಸಾಕು. ಇಷ್ಟು ಹೇಳಿದ ಮೇಲೂ, ವಯಸ್ಸಾದ ಯಜಮಾನರು ತಾವೇ ಆಸೆಪಟ್ಟು ಕೊಂಡದ್ದನ್ನು ಮಾರುತ್ತಿದ್ದರೆ ನಾನು ಎಳೆದಾಡುವುದಿಲ್ಲ. ಅಂಥವರ ಬಾಕ್ಸ್ ಸಾಮಾನ್ಯವಾಗಿ ಯಾರೂ ಬಿಚ್ಚಿರುವುದಿಲ್ಲ, ಬಿಲ್ಲೂ ಇರುತ್ತದೆ.

ಬೆಂಗಳೂರಿನಿಂದ ತರುವುದಾದರೆ ಪಾರ್ಸಲ್ ಲಾರಿ ಬೇಡ. ಒಮ್ಮೆ ಎತ್ತಿ ಎಸೆದರೆ ಅಯಸ್ಕಾಂತ ಜರುಗುತ್ತದೆ, ಹೊರಗೆ ಒಂದು ಗೀಚೂ ಕಾಣುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ಕೋನ್ ಸೀಟಿನ ಬೆನ್ನಿಗೆ ಮುಖ ಮಾಡಿ, ನಡುವೆ ರಟ್ಟು ಇಟ್ಟು ತನ್ನಿ.

ಮನೆಯಲ್ಲಿ ಜೋಡಿಸುವುದು

4 ಓಮ್ ಬಾಕ್ಸ್‌ಗೆ ಅದನ್ನು ತಾಳುವ ಆಂಪ್ಲಿಫೈಯರ್ ಬೇಕು, ಹಿಂದೆ ಬರೆದಿರುತ್ತದೆ, ಓದಿ. ಸಣ್ಣ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ಹಾಡಿಸಬೇಡಿ. ಅದರ ಶಕ್ತಿ ಮುಗಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆಗ ಹುಟ್ಟುವ ಒರಟು ಸಣ್ಣ ಸ್ವರಗಳೆಲ್ಲ ಟ್ವೀಟರಿಗೇ ಬೀಳುತ್ತವೆ. ಹಳೇ ಟ್ವೀಟರ್‌ಗಳು ಸಾಯುವುದು ಹೆಚ್ಚಾಗಿ ಹೀಗೇ.

ಗ್ರಾನೈಟ್ ನೆಲ, ಬರೀ ಗೋಡೆಯ ಹಾಲಿನಲ್ಲಿ ಎಂಥ ಸ್ಪೀಕರೂ ಗಲಗಲ ಅನ್ನುತ್ತದೆ. ಎದುರಿಗೆ ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಟ್ವೀಟರ್ ಕೂತವರ ಕಿವಿ ಮಟ್ಟಕ್ಕೆ ಬರಲಿ. ಬಾಕ್ಸ್ ಗೋಡೆಯ ಮೂಲೆಗೆ ಒತ್ತದಿರಲಿ, ಮೂಲೆಯಲ್ಲಿ ಬೇಸ್ ಗುಂಯ್‌ಗುಡುತ್ತದೆ.

ಕೊನೆಗೆ ಒಂದು ಪರೀಕ್ಷೆ. ಒಬ್ಬರೇ ಮಾತಾಡುವ ಏನಾದರೂ ಹಾಕಿ, ರೇಡಿಯೋ ವಾರ್ತೆಯಾದರೂ ಆದೀತು. ಎರಡು ಬಾಕ್ಸ್‌ಗಳಿಂದ ಸಮದೂರದಲ್ಲಿ ಕೂತು ಕೇಳಿ. ದನಿ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಬಂದಂತೆ ಇರಬೇಕು. ದನಿ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲಾಗದೆ ತಲೆಯ ಸುತ್ತ ತೇಲಿದಂತಿದ್ದರೆ, ಬೇಸೂ ಕಳೆದುಹೋಗಿದ್ದರೆ, ಆಂಪ್ಲಿಫೈಯರ್ ಆಫ್ ಮಾಡಿ ಯಾವುದಾದರೂ ಒಂದೇ ಬಾಕ್ಸ್‌ನ ಕೆಂಪು ಕಪ್ಪು ವೈರ್ ಅದಲುಬದಲು ಮಾಡಿ ಮತ್ತೆ ಕೇಳಿ.